ಬಟಾಣಿ ಕಾಳಿನ ವಿಚಾರ

ಅಳಿಯಾ, ನಿಮ್ಮವ್ವ ಮೊನ್ನೆ ಫೋನ್ ಮಾಡಿ ಅತ್ತಳು. ಹಾಲು ಉಕ್ಕಿ ಸ್ಟೌ ಆರಿಹೋದರೂ ನೀನು ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆಯಂತೆ. ಬಾಕ್ಸಿಂಗ್ ಬಿಟ್ಟು ಆರು ವರ್ಷವಾಯಿತು, ವಯಸ್ಸು ಮೂವತ್ತೆಂಟು. ಈಗಲೇ ಪರಿಚಯದವರ ಹೆಸರು ನೆನಪಾಗುವುದಿಲ್ಲ, ಸಣ್ಣದಕ್ಕೂ ಸಿಡುಕು. ಜಿಮ್ಮಿನವನು ಯಾರೋ ಗ್ರೋತ್ ಹಾರ್ಮೋನ್ ಕೊಡಿಸುತ್ತೇನೆ, ಮೂರು ತಿಂಗಳಲ್ಲಿ ತಲೆ ಚುರುಕಾಗುತ್ತದೆ ಎಂದಿದ್ದಾನಂತೆ. ಸೂಜಿ ಚುಚ್ಚಿಸಿಕೊಳ್ಳುವ ಮುಂಚೆ ಈ ಮಾವನ ಮಾತು ಕೇಳಿಬಿಡು. ಆಮೇಲೆ ನಿನ್ನಿಷ್ಟ.

ಅವನ ಮಾತು ಪೂರಾ ಸುಳ್ಳಲ್ಲ, ಕಷ್ಟ ಇರುವುದೇ ಅಲ್ಲಿ. ತಲೆಬುರುಡೆಯ ಅಡಿಯಲ್ಲಿ ಎಲುಬಿನ ಒಂದು ಗುಳಿಯಿದೆ. ಕುದುರೆಯ ಜೀನಿನ ಹಾಗೆ ಕಾಣುತ್ತದೆಂದು ಹಳೆಯ ವೈದ್ಯರು ಅದಕ್ಕೆ ‘ತುರ್ಕಿ ಜೀನು’ ಎಂದು ಹೆಸರಿಟ್ಟರು. ಅದರೊಳಗೆ ಕೂತಿರುವುದು ಪಿಟ್ಯುಟರಿ ಗ್ರಂಥಿ. ಬಟಾಣಿ ಕಾಳಿನಷ್ಟು ದಪ್ಪ, ತೂಕ ಸುಮಾರು ಅರ್ಧ ಗ್ರಾಂ. ಥೈರಾಯ್ಡ್, ಅಡ್ರಿನಲ್, ವೃಷಣ ಎಲ್ಲಕ್ಕೂ ಹುಕುಂ ಹೋಗುವುದು ಇಲ್ಲಿಂದಲೇ. ಮಿದುಳಿಗೆ ಅದು ತೆಳುವಾದ ಒಂದು ತೊಟ್ಟಿನಿಂದ ಅಂಟಿಕೊಂಡಿದೆ, ರಕ್ತ ಬರುವುದೂ ಆ ತೊಟ್ಟಿನುದ್ದಕ್ಕೂ ಇರುವ ನೂಲಿನಂಥ ನಾಳಗಳಿಂದ. ದವಡೆಗೆ ಹುಕ್ ಬಿದ್ದಾಗ ಬುರುಡೆ ತಿರುಗಿದಷ್ಟು ಬೇಗ ಮಿದುಳು ತಿರುಗುವುದಿಲ್ಲ. ಆ ಎಳೆದಾಟದ ಪೆಟ್ಟು ತೊಟ್ಟಿಗೂ ತಗಲುತ್ತದೆ. ಹೆಡ್‌ಗಾರ್ಡ್ ಕಟ್ಟಿಕೊಂಡು ನಾವು ಧೈರ್ಯವಾಗಿದ್ದೆವು. ಅದು ಹುಬ್ಬು ಸೀಳದಂತೆ ಕಾಯುತ್ತದೆ, ಒಳಗಿನ ಕುಲುಕಾಟವನ್ನು ಅದೇನು ತಡೆದೀತು!

ತಮಾಷೆ ನೋಡು, ತುರ್ಕಿ ಜೀನಿನ ಈ ಗುಟ್ಟನ್ನು ಕೆದಕಿದವರಲ್ಲಿ ಮುಂದಿದ್ದವರು ಟರ್ಕಿಯ ಕೈಸೇರಿ ಊರಿನ ವೈದ್ಯರೇ. 61 ಬಾಕ್ಸರುಗಳನ್ನು ಪರೀಕ್ಷಿಸಿ 2008ರಲ್ಲಿ ಲೆಕ್ಕ ಕೊಟ್ಟರು. ಅವರಲ್ಲಿ 9 ಮಂದಿಗೆ ಗ್ರೋತ್ ಹಾರ್ಮೋನ್ ಕೊರತೆ. ಆಟ ಬಿಟ್ಟ 17 ಜನರನ್ನಷ್ಟೇ ತೆಗೆದುಕೊಂಡರೆ 8 ಮಂದಿಗೆ. ಈ ಹಾರ್ಮೋನು ಕಡಿಮೆಯಾದವನಿಗೆ ಸುಸ್ತು, ಹೊಟ್ಟೆಯ ಬೊಜ್ಜು, ಮಂಕು, ಯಾವುದರಲ್ಲೂ ಮನಸ್ಸು ನಿಲ್ಲದಿರುವುದು ಎಲ್ಲ ಇರಬಹುದು. ನಿನ್ನ ಲಕ್ಷಣಗಳೂ ಅವೇ. ಆದರೆ ನಿದ್ದೆಗೆಟ್ಟವನ ಲಕ್ಷಣಗಳೂ ಅವೇ, ಖಿನ್ನತೆಯವನವೂ ಅವೇ.

ನನ್ನದೊಂದು ಕಥೆ ಹೇಳುತ್ತೇನೆ, ನಿಮ್ಮತ್ತೆಗೂ ಪೂರ್ತಿ ಗೊತ್ತಿಲ್ಲ. ಐವತ್ತೆಂಟರಲ್ಲಿ ನನಗೂ ಹೀಗೇ ಮಂಕು ಹಿಡಿದಿತ್ತು. ಒಬ್ಬ ಟ್ರೇನರ್ ಮಾತು ಕೇಳಿ ಆರು ತಿಂಗಳು ಟೆಸ್ಟೊಸ್ಟಿರಾನ್ ಚುಚ್ಚಿಸಿಕೊಂಡೆ. ಮೊದಲ ಎರಡು ತಿಂಗಳು ಏನು ಹುರುಪು! ಹಿತ್ತಲ ಕಲ್ಲುಗಳನ್ನೆಲ್ಲ ಒಬ್ಬನೇ ಎತ್ತಿಹಾಕಿದೆ. ಹೆಸರುಗಳು ಮಾತ್ರ ನಾಲಗೆಗೆ ಬರಲಿಲ್ಲ. ಆಮೇಲೆ ಮುಖ ಕೆಂಪೇರಿ, ತಲೆ ಭಾರವಾಗಿ ಆಸ್ಪತ್ರೆಗೆ ಹೋದರೆ ಹಿಮೋಗ್ಲೋಬಿನ್ 19. ರಕ್ತ ಗಟ್ಟಿಯಾಗಿದೆ, ಹೆಪ್ಪುಗಟ್ಟಿದರೆ ಹೃದಯಕ್ಕೋ ಮಿದುಳಿಗೋ ಹೊಡೆಯುತ್ತದೆ ಎಂದು ಒಂದು ಬಾಟಲಿ ತೆಗೆದುಹಾಕಿದರು. ಕೊನೆಗೆ ತಿಳಿದದ್ದೇನು? ಗ್ರಂಥಿ ನೆಟ್ಟಗೇ ಇತ್ತು. ಗೊರಕೆಯ ನಡುವೆ ರಾತ್ರಿ ನೂರು ಸಲ ಉಸಿರು ಕಟ್ಟುತ್ತಿತ್ತು. ಅದಕ್ಕೆ ಟೆಸ್ಟೊಸ್ಟಿರಾನ್ ಬೆಂಕಿಗೆ ತುಪ್ಪ ಸುರಿದ ಹಾಗೆ. ಈಗ ಮಾಸ್ಕ್ ಹಾಕಿಕೊಂಡು ಮಲಗುತ್ತೇನೆ, ಆನೆಯ ಸೊಂಡಿಲು ಅಂತ ಮೊಮ್ಮಕ್ಕಳು ನಗುತ್ತಾರೆ.

ನನ್ನ ಜೊತೆ ಆಡಿದವನೊಬ್ಬನಿಗೆ ನಿಜವಾಗಿಯೂ ಕೊರತೆಯಿತ್ತು. ಪರೀಕ್ಷೆ ಮಾಡಿ ಗ್ರೋತ್ ಹಾರ್ಮೋನ್ ಕೊಟ್ಟರು. ವರ್ಷದಲ್ಲಿ ಮನುಷ್ಯ ಮತ್ತೆ ಅಂಗಡಿ ಲೆಕ್ಕ ಬರೆಯುವಂತಾದ. ತಲೆಪೆಟ್ಟಿನಿಂದ ಕೊರತೆಯಾದವರ ಮೇಲೆ ಅಮೆರಿಕದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲೂ ಒಂದು ವರ್ಷದ ಚಿಕಿತ್ಸೆಗೆ ಯೋಚನೆಯ ವೇಗ, ಕಲಿಯುವ ಶಕ್ತಿ ಒಂದಿಷ್ಟು ಸುಧಾರಿಸಿತ್ತು. ‘ಕೊರತೆಯಾದವರ ಮೇಲೆ’ ಎಂದೆ, ಅದನ್ನು ಗಟ್ಟಿಯಾಗಿ ಹಿಡಿದುಕೋ. ಕೊರತೆ ಇದ್ದರೂ ಎಲ್ಲ ಸರಿಹೋಗುತ್ತದೆ ಎಂದಿಲ್ಲ. ಟೆಸ್ಟೊಸ್ಟಿರಾನ್ ಕಡಿಮೆಯಿದ್ದು ನೆನಪೂ ಕುಂದಿದ್ದ, 65 ದಾಟಿದ 493 ಗಂಡಸರಿಗೆ ಅಮೆರಿಕದಲ್ಲಿ ಒಂದು ವರ್ಷ ಜೆಲ್ ಹಚ್ಚಿ ನೋಡಿದರು. ಅರ್ಧದಷ್ಟು ಜನರಿಗೆ ಮದ್ದಿಲ್ಲದ ಜೆಲ್. 2017ರಲ್ಲಿ ಲೆಕ್ಕ ಹಾಕಿದಾಗ ನೆನಪಿನ ವಿಷಯದಲ್ಲಿ ಇವರಿಗೂ ಅವರಿಗೂ ವ್ಯತ್ಯಾಸವೇ ಇರಲಿಲ್ಲ.

ಇನ್ನೊಂದು ಮಾತು, ಹೇಳಲು ಬಾಯಿ ಬರುವುದಿಲ್ಲ. ಪೆಟ್ಟು ತಿಂದ ಮಿದುಳಿಗೆ ಬೇರೆಯೇ ಒಂದು ರೋಗವಿದೆ. ಅಮಲೇರಿದವರಂತೆ ತೂರಾಡುತ್ತಿದ್ದ ಬಾಕ್ಸರುಗಳ ಬಗ್ಗೆ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯರು 1928ರಲ್ಲೇ ಬರೆದಿದ್ದರು. ಪಿಟ್ಸ್‌ಬರ್ಗ್‌ನ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ ನಾಲ್ಕು ಸೂಪರ್ ಬೌಲ್ ಗೆದ್ದು, 2002ರಲ್ಲಿ ಐವತ್ತಕ್ಕೇ ಸತ್ತ. ಡಾಕ್ಟರ್ ಬೆನೆಟ್ ಒಮಾಲು ಅವನ ಮಿದುಳನ್ನು ಕೊಯ್ದು ನೋಡಿದಾಗ ಟೌ ಎಂಬ ಪ್ರೋಟೀನು ಗಂಟುಗಂಟಾಗಿ ಕಟ್ಟಿಕೊಂಡಿತ್ತು. ಸಿಟಿಇ ಎನ್ನುತ್ತಾರೆ. ಸತ್ತ ಮೇಲಷ್ಟೇ ಖಚಿತವಾಗುವ ರೋಗ. ಯಾವ ಹಾರ್ಮೋನೂ ಆ ಗಂಟನ್ನು ಬಿಚ್ಚಿದ್ದನ್ನು ಯಾರೂ ತೋರಿಸಿಲ್ಲ. ಹೆದರಿಸಲು ಹೇಳಿದ್ದಲ್ಲ. ಜಿಮ್ಮಿನವನು ಇದನ್ನು ನಿನಗೆ ಹೇಳುವುದಿಲ್ಲ, ಅದಕ್ಕೆ ಹೇಳಿದೆ.

ಹಾರ್ಮೋನಿನ ಡಾಕ್ಟರ ಹತ್ತಿರ ಹೋಗೋಣ. ಗ್ರೋತ್ ಹಾರ್ಮೋನ್ ರಕ್ತದಲ್ಲಿ ಅಲೆಅಲೆಯಾಗಿ ಬಂದು ಹೋಗುತ್ತದೆ, ಯಾವುದೋ ಹೊತ್ತಿನಲ್ಲಿ ಒಂದು ಸಲ ರಕ್ತ ಕೊಟ್ಟರೆ ಅದರ ಅಂಕಿಗೆ ಅರ್ಥವಿಲ್ಲ. ಔಷಧಿ ಕೊಟ್ಟು ಗ್ರಂಥಿಯನ್ನು ಕೆಣಕಿ, ಗಂಟೆಗಟ್ಟಲೆ ಕೂರಿಸಿ ನೋಡಬೇಕು. ಟೆಸ್ಟೊಸ್ಟಿರಾನ್ ನೋಡುವುದಾದರೆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ಅದೂ ಎರಡು ಸಲ. ಎಲ್ಲಕ್ಕೂ ಮೊದಲು ಕಾರ್ಟಿಸೋಲ್. ಅದು ತಳ ಹಿಡಿದಿರುವಾಗ ಥೈರಾಯ್ಡ್ ಮಾತ್ರೆ ಶುರುಮಾಡಿದರೆ ಜೀವಕ್ಕೇ ಕುತ್ತು. ಹಿಂದೆ ಕದ್ದುಮುಚ್ಚಿ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಡಾಕ್ಟರಿಗೆ ಹೇಳಿಬಿಡು, ನಿಮ್ಮವ್ವನಿಗೆ ಬೇಡ. ಹೊರಗಿಂದ ಬಂದದ್ದು ಒಳಗಿನ ಉತ್ಪತ್ತಿಯನ್ನು ನಿಲ್ಲಿಸುತ್ತದೆ, ಪೆಟ್ಟಿನ ದೋಷ ಯಾವುದು, ಮದ್ದಿನ ದೋಷ ಯಾವುದು ಗೊತ್ತಾಗದೆ ಹೋಗುತ್ತದೆ. ಎರಡನೇ ಮಗು ಬೇಕು ಅನ್ನುತ್ತಿದ್ದೀರಿ. ಟೆಸ್ಟೊಸ್ಟಿರಾನ್ ಸೂಜಿ ವೀರ್ಯಾಣುಗಳನ್ನು ಇಳಿಸುತ್ತದೆ ಎನ್ನುವುದೂ ತಿಳಿದಿರಲಿ. ಗ್ರೋತ್ ಹಾರ್ಮೋನಿನಿಂದ ಸಕ್ಕರೆ ಏರಬಹುದು, ನಮ್ಮ ವಂಶದಲ್ಲಿ ಸಕ್ಕರೆ ಕಾಯಿಲೆ ಯಾರನ್ನು ಬಿಟ್ಟಿದೆ ಹೇಳು.

ಶನಿವಾರ ಬೆಳಿಗ್ಗೆ ಏನೂ ತಿನ್ನದೆ ಬಾ, ನಾನೂ ಬರುತ್ತೇನೆ. ಅಷ್ಟರೊಳಗೆ ಎಷ್ಟು ಸಲ ಬಿದ್ದೆ, ಯಾವ ಸಲ ಕಣ್ಣು ಕತ್ತಲೆ ಬಂತು, ಯಾವ ಸಲ ವಾಂತಿಯಾಯಿತು ಎಲ್ಲ ಒಂದು ಹಾಳೆಯಲ್ಲಿ ಬರೆದಿಡು. ನೆನಪಿಲ್ಲದ್ದನ್ನು ನಾನು ಹೇಳುತ್ತೇನೆ. ಅಷ್ಟೂ ಸಲ ರಿಂಗಿನ ಮೂಲೆಯಲ್ಲಿ ಟವೆಲ್ ಹಿಡಿದು ನಿಂತಿದ್ದವನು ನಾನೇ. ಒಂದು ಸಲವೂ ಎಸೆಯಲಿಲ್ಲ.