ಸಂಧಿವಾತವೂ ಮನೆಮನೆಯ ಎಣಿಕೆಯೂ

ಆಸ್ಪತ್ರೆಯ ದಾಖಲೆಯು ಅಲ್ಲಿಗೆ ಬಂದವರನ್ನು ಮಾತ್ರ ಬಲ್ಲದು. ನೋವು ನುಂಗಿಕೊಂಡು ಮನೆಯಲ್ಲಿಯೇ ಉಳಿದವರನ್ನು ಅದು ಅರಿಯದು. ಉರಿಯೂತದ ಸಂಧಿವಾತಗಳ ವಿಷಯದಲ್ಲಿ ಇದು ಸಣ್ಣ ಕೊರತೆಯಲ್ಲ. ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರಕ್ಷಣಾಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ಮೊದಲ ತಿಂಗಳುಗಳಲ್ಲಿಯೇ ಚಿಕಿತ್ಸೆ ದೊರೆತರೆ ಕೀಲುಗಳನ್ನು ಬಹುಮಟ್ಟಿಗೆ ಉಳಿಸಿಕೊಳ್ಳಬಹುದು. ತಡವಾದರೆ ಸವೆದ ಮೂಳೆಯು ಮರಳಿ ಬಾರದು.

ಈ ಕೊರತೆಯನ್ನು ನೀಗಲೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ 1981ರಲ್ಲಿ ‘ಕಾಪ್‌ಕಾರ್ಡ್’ ಎಂಬ ಸಮುದಾಯ ಸಮೀಕ್ಷಾಕ್ರಮವು ಆರಂಭವಾಯಿತು. ಅದರಂತೆ 1996ರಲ್ಲಿ ಪುಣೆ ಜಿಲ್ಲೆಯ ಭಿಗವಣ ಗ್ರಾಮದಲ್ಲಿ ಡಾ. ಅರವಿಂದ ಚೋಪ್ರಾ ಅವರ ನೇತೃತ್ವದಲ್ಲಿ ಸಮೀಕ್ಷೆ ನಡೆಯಿತು. ತರಬೇತಿ ಪಡೆದ ಕಾರ್ಯಕರ್ತರು ಮೊದಲು ಮನೆಮನೆಗೆ ತೆರಳಿ ನೋವುಳ್ಳವರನ್ನು ಗುರುತಿಸಿದರು. ಬಳಿಕ ನೋವಿನ ಸ್ಥಾನ, ಅವಧಿ, ದಿನದ ಕೆಲಸಕ್ಕಾಗುವ ಅಡಚಣೆ ಇವೆಲ್ಲ ದಾಖಲಾದವು. ಕೊನೆಗೆ ತಜ್ಞವೈದ್ಯರು ಪರೀಕ್ಷಿಸಿ ರೋಗವನ್ನು ನಿರ್ಣಯಿಸಿದರು. ಸಮೀಕ್ಷೆಗೊಳಗಾದ 4,092 ವಯಸ್ಕರಲ್ಲಿ ನೂರಕ್ಕೆ ಸುಮಾರು 18 ಮಂದಿಗೆ ಮೂಳೆ, ಕೀಲು, ಸ್ನಾಯುಗಳ ಬೇನೆಯಿತ್ತು. ರುಮಟಾಯ್ಡ್ ಸಂಧಿವಾತವು ಸುಮಾರು 200 ಮಂದಿಗೆ ಒಬ್ಬರಲ್ಲಿ ಕಂಡುಬಂದಿತು.

ಬೆಳಿಗ್ಗೆ ಎದ್ದಾಗ ಬೆರಳುಗಳು ಎಷ್ಟು ಹೊತ್ತು ಬಿಗಿದಿರುತ್ತವೆ ಎಂಬ ಸರಳ ಪ್ರಶ್ನೆಯನ್ನು ಎಲ್ಲ ಮನೆಗಳಲ್ಲಿಯೂ ಒಂದೇ ರೀತಿಯಲ್ಲಿ ಕೇಳಿ, ಉತ್ತರವನ್ನು ತಪ್ಪದೆ ಬರೆದಿಡಬೇಕು. ಹಾಗೆ ಮಾಡಿದರೆ ಅಡಗಿದ ರೋಗಿಯೂ ಲೆಕ್ಕಕ್ಕೆ ಬರುತ್ತಾನೆ. ಲೆಕ್ಕಕ್ಕೆ ಬಂದವನಿಗೇ ಚಿಕಿತ್ಸೆಯ ಬಾಗಿಲು ತೆರೆಯುವುದು.