ಆಸ್ಪತ್ರೆ ಕೈಬಿಟ್ಟ ಮೇಲೆ ಮನೆಯವರು ಹಿಡಿಯಬೇಕಾದ ಸೂತ್ರಗಳು

‘ಇನ್ನು ಮನೆಗೆ ಕರ್ಕೊಂಡು ಹೋಗಿ, ಇಷ್ಟಪಟ್ಟದ್ದು ಕೊಡಿ’ ಎಂದು ಕ್ಯಾನ್ಸರ್ ಡಾಕ್ಟರು ಹೇಳಿದ ದಿನ ಕೈಚೆಲ್ಲಿ ಕೂರುವವರೇ ಹೆಚ್ಚು. ರೋಗ ಗುಣವಾಗುವುದಿಲ್ಲ, ನಿಜ. ನೋವು, ವಾಂತಿ, ಹುಣ್ಣಿನ ವಾಸನೆಗಳಿಗೆ ಮಾತ್ರ ಮದ್ದಿದೆ. ಇಲ್ಲಿ ಯಶಸ್ಸೆಂದರೆ ರೋಗಿ ರಾತ್ರಿ ನರಳದೆ ನಿದ್ದೆ ಮಾಡುವುದು.

1. ನೋವಿನ ಮಾತ್ರೆ ಗಡಿಯಾರ ನೋಡಿ ಕೊಡಿ. ನೋವು ಬರಲಿ, ಆಮೇಲೆ ನೋಡೋಣ ಎಂದು ಕಾಯಬೇಡಿ. ಬಾಯಿಯ ಮೂಲಕ, ಹೊತ್ತಿಗೆ ಸರಿಯಾಗಿ, ನೋವಿನ ತೀವ್ರತೆಗೆ ತಕ್ಕಂತೆ ಮೆಟ್ಟಿಲೇರಿಸಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿದೆ. ಮಾಮೂಲಿ ಮಾರ್ಫಿನ್ ಮಾತ್ರೆ ಕೆಲಸ ಮಾಡುವುದು ಸುಮಾರು 4 ಗಂಟೆ. ನಡುವೆ ನೋವು ಕೆರಳಿದರೆ ಎಷ್ಟು ಕೊಡಬೇಕೆಂದು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ‘ಚಟ ಹತ್ತುತ್ತೆ’ ಎಂಬ ಅಂಜಿಕೆ ಈ ಹಂತದಲ್ಲಿ ಅರ್ಥವಿಲ್ಲದ್ದು. ಮಲಬದ್ಧತೆ ಮಾತ್ರ ಹೆಚ್ಚುಕಡಿಮೆ ಗ್ಯಾರಂಟಿ; ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಔಷಧವನ್ನೂ ಕೇಳಿ ಪಡೆಯಿರಿ.

2. ಊರಿನ ಬಸ್ಸು ಹತ್ತುವ ಮೊದಲೇ ಮಾರ್ಫಿನ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. 1985ರ ಮಾದಕ ವಸ್ತು ಕಾಯ್ದೆಯ ಬಿಗಿ 2014ರ ತಿದ್ದುಪಡಿಯಿಂದ ಸಡಿಲಾಗಿದ್ದರೂ ಮೂಲೆಯ ಮೆಡಿಕಲ್ ಶಾಪಿನಲ್ಲಿ ಅದನ್ನು ನಿರೀಕ್ಷಿಸಬೇಡಿ.

3. ತುರುಕಿ ಉಣಿಸಬೇಡಿ. ‘ಉಪವಾಸ ಕೆಡವಿದರು’ ಎಂಬ ಮಾತು ಬರಬಾರದೆಂದು ಮುಚ್ಚಿದ ಬಾಯಿಗೆ ಚಮಚ ಒತ್ತುವವರನ್ನು ಕಂಡಿದ್ದೇನೆ. ದೇಹ ನಂದುತ್ತಿರುವಾಗ ಹಸಿವೆಯೂ ಅಡಗುತ್ತದೆ. ಕೇಳಿದರೆ ಎರಡು ಚಮಚ ಗಂಜಿ, ಸಾಕು. ಎಚ್ಚರವಿಲ್ಲದವರ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ಒರೆಸಿ, ತುಟಿಗೆ ಕೊಬ್ಬರಿ ಎಣ್ಣೆ ಸವರಿ.

4. ವಾಸನೆಗೆ ಊದುಬತ್ತಿ ಮದ್ದಲ್ಲ. ಒಡೆದ ಗೆಡ್ಡೆಯ ಹುಣ್ಣಿಗೆ ಮೆಟ್ರೊನಿಡಜೋಲ್ ಹಾಕುವ ಕ್ರಮವನ್ನು ನರ್ಸಿನಿಂದ ಕಲಿಯಿರಿ. ಬಾಗಿಲಲ್ಲೇ ನಿಂತು ಮಾತಾಡಿಸಿ ಹೋಗುವ ನೆಂಟರು ಆಗ ಮಂಚದ ಪಕ್ಕಕ್ಕೆ ಬಂದಾರು.

5. ‘ಅವರಿಗೆ ಹೇಳ್ಬೇಡಿ ಡಾಕ್ಟ್ರೇ’ ಎನ್ನುವ ಮುನ್ನ ಅವರನ್ನೇ ಕೇಳಿ: ‘ಕಾಯಿಲೆ ವಿಷಯ ಎಷ್ಟು ತಿಳ್ಕೋಬೇಕು ಅನ್ಸುತ್ತಪ್ಪಾ?’ ಬಹುಪಾಲು ಅವರಿಗೆ ಗೊತ್ತಿರುತ್ತದೆ. ನಿಮಗಾಗಿ ಗೊತ್ತಿಲ್ಲದವರಂತೆ ಇರುತ್ತಾರೆ.

6. ವೆಂಟಿಲೇಟರ್ ಬೇಡವೆಂದಿದ್ದರೆ ಬರೆದಿಡಲಿ. ಸುಪ್ರೀಂ ಕೋರ್ಟ್ 2018ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟು, 2023ರಲ್ಲಿ ಸರಳಗೊಳಿಸಿತು. ಇಬ್ಬರು ಸಾಕ್ಷಿಗಳು, ಜೊತೆಗೆ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಆ ತೀರ್ಪಿನ ಜಾರಿಗೆ ಆದೇಶ ಹೊರಡಿಸಿದೆ.

7. ಪಾಳಿ ಹಾಕಿಕೊಳ್ಳಿ. ಎಲ್ಲವೂ ಸೊಸೆಯ ತಲೆಗೇ ಬರುವುದು ನಮ್ಮ ಮನೆಗಳ ರೂಢಿ. ವಿದೇಶದಲ್ಲಿರುವ ಮಗ ಫೋನಿನಲ್ಲಿ ಸಲಹೆ ಕೊಡುವುದನ್ನು ಪಾಳಿಗೆ ಲೆಕ್ಕ ಹಿಡಿಯಬೇಡಿ! ಮನೆಯಲ್ಲಿ ನಿಭಾಯಿಸಲಾಗದಿದ್ದರೆ, ಬೆಂಗಳೂರಿನ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ.

8. ಗಂಟಲು ಗೊರಗೊರ ಅಂದರೆ ಗಾಬರಿ ಬೇಡ. ನುಂಗಲಾರದ ಎಂಜಲು, ಕಫದ ಸದ್ದು ಅದು. ಕೇಳುವವರಿಗೆ ಆಗುವಷ್ಟು ಸಂಕಟ ಸಾಮಾನ್ಯವಾಗಿ ರೋಗಿಗೆ ಆಗದು. ಒಂದು ಮಗ್ಗುಲಿಗೆ ಮಲಗಿಸಿ. ಕಿವಿ ಕೇಳುತ್ತಿದೆ ಎಂದೇ ಎಣಿಸಿ. ಆಸ್ತಿ ಮಾತು ಹೊರಗಿರಲಿ.

9. ಡಿಸ್‌ಚಾರ್ಜ್ ಸಮ್ಮರಿ ಕೈಗೆಟಕುವಲ್ಲಿರಲಿ; ಮನೆಗೆ ಬರುವ ವೈದ್ಯರು ಸಾವಿನ ಕಾರಣ ಬರೆಯಲು ಅದನ್ನೇ ಕೇಳುತ್ತಾರೆ. ನೋಂದಣಿಗೆ 21 ದಿನ ಅವಕಾಶವಿದೆ. ಉಳಿದ ಮಾರ್ಫಿನ್ ಮಾತ್ರೆಗಳನ್ನು ಬೇರೆಯವರ ನೋವಿಗೆ ಹಂಚದೆ, ಕೊಟ್ಟ ಕೇಂದ್ರಕ್ಕೇ ಹಿಂತಿರುಗಿಸಿ.