ಉದ್ಯೋಗಸ್ಥರ ಸಂಗೀತಾಭ್ಯಾಸ: ಆರಂಭಿಸುವ ಬಗೆ

ಹಗಲು ಶಾಲೆಯಲ್ಲಿ ಪಾಠ ಹೇಳಿಯೋ ಬ್ಯಾಂಕಿನಲ್ಲಿ ಲೆಕ್ಕ ಬರೆದೋ ಬಂದವರು ರಾತ್ರಿ ಬಣ್ಣ ಹಚ್ಚಿ ರಂಗಸ್ಥಳಕ್ಕೆ ಇಳಿಯುವುದನ್ನು ಕಂಡು ಉಡುಪಿಯ ಜನ ಆಶ್ಚರ್ಯಪಡುವುದಿಲ್ಲ. ಅಂಬಲಪಾಡಿಯ ಶ್ರೀ ಲಕ್ಷ್ಮೀಜನಾರ್ದನ ಯಕ್ಷಗಾನ ಕಲಾ ಮಂಡಳಿಯಂತಹ ಹವ್ಯಾಸಿ ಸಂಘ ಆರು ದಶಕಗಳಿಗೂ ಮೀರಿ ಬಾಳಿರುವುದು ಇಂಥವರಿಂದಲೇ. ಆದರೆ ಯಕ್ಷಗಾನದಲ್ಲಿ ಸಹಜವೆನಿಸುವ ಈ ಸಂಗತಿ ಶಾಸ್ತ್ರೀಯ ಸಂಗೀತದ ಮಾತು ಬಂದೊಡನೆ ಸಂಕೋಚಕ್ಕೆ ತಿರುಗುತ್ತದೆ. ನಲವತ್ತರ ಗೃಹಸ್ಥನೊಬ್ಬ ಸರಳೆ ವರಸೆಗೆ ಕುಳಿತನೆಂದರೆ, ನೋಡಿದವರು ನಗುವ ಮೊದಲೇ ಅವನು ತಾನೇ ನಾಚಿಕೊಳ್ಳುತ್ತಾನೆ.

ಈ ನಾಚಿಕೆಗೆ ಕಾರಣವಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತೆಲುಗು ಅಧ್ಯಾಪಕರಾಗಿ ಸೇವೆ ಸಲ್ಲಿಸಿದ ರಾಳ್ಳಪಲ್ಲಿ ಅನಂತಕೃಷ್ಣಶರ್ಮರು, ನಿವೃತ್ತಿಯ ಅನಂತರ ತಿರುಪತಿಯಲ್ಲಿ ಅನ್ನಮಾಚಾರ್ಯರ ಕೀರ್ತನೆಗಳಿಗೆ ಸ್ವರಸಂಯೋಜನೆ ಮಾಡಿ, 1974ರಲ್ಲಿ ಸಂಗೀತ ಕಲಾನಿಧಿ ಬಿರುದಿಗೆ ಪಾತ್ರರಾದರು. ಸರ್ಕಾರಿ ಕಚೇರಿಯ ಕಡತಗಳ ನಡುವೆ ದುಡಿದ ಪು.ತಿ.ನ. ಅವರು ಗೀತನಾಟಕಗಳನ್ನು ರಚಿಸಿದರು. ಅವರ ಪ್ರತಿಭೆಯ ಮಾತು ಬೇರೆ. ಉದ್ಯೋಗವನ್ನು ತ್ಯಜಿಸಿದಲ್ಲದೆ ಸಂಗೀತ ಕೈಗೂಡದೆಂಬ ನೆಪವಂತೂ ಅವರ ಮುಂದೆ ನಿಲ್ಲಲಾರದು.

ಗುರುವನ್ನು ಹುಡುಕುವುದಕ್ಕೆ ಮೊದಲು ಹೊತ್ತನ್ನು ಹುಡುಕತಕ್ಕದ್ದು. ಭಾನುವಾರ ಒಟ್ಟಿಗೆ ನಾಲ್ಕು ಗಂಟೆ ಹಾಡುವೆನೆಂಬ ಸಂಕಲ್ಪಕ್ಕಿಂತ, ಮಣಿಪಾಲದ ಬಸ್ಸು ಹಿಡಿಯುವ ಮುನ್ನ ದಿನವೂ ತಪ್ಪದೆ ಮಾಡುವ ಅರ್ಧ ಗಂಟೆಯ ಅಭ್ಯಾಸ ಮೇಲು. ಕಂಠವೂ ಕಿವಿಯೂ ನಿತ್ಯದ ಪುನರಾವರ್ತನೆಯಿಂದಲೇ ಪಳಗುತ್ತವೆ. ಎದ್ದೊಡನೆ ಏರುಸ್ವರಕ್ಕೆ ಕೈಹಾಕದೆ ಮಂದ್ರಸ್ಥಾಯಿಯ ಸ್ವರಗಳನ್ನು ನಿಧಾನವಾಗಿ ನಿಲ್ಲಿಸಿ ಹಾಡುವುದು ಗಂಟಲಿಗೆ ಹಿತ.

ಗುರುವಿನ ಬಳಿ ಹೋದಾಗ ನಿಮ್ಮ ಪಾಳಿ, ವರ್ಗಾವಣೆಯ ಸಂಭವ, ಮನೆಯ ಜವಾಬ್ದಾರಿ ಇವನ್ನೆಲ್ಲ ಮೊದಲ ದಿನವೇ ಅರಿಕೆ ಮಾಡಿಕೊಳ್ಳಿ. ಮಕ್ಕಳ ಗುಂಪಿನ ನಡುವೆ ಕೂರುವುದು ಮುಜುಗರವೆನಿಸಿದರೆ, ವಾರಕ್ಕೊಂದೇ ಆದರೂ ಪ್ರತ್ಯೇಕ ಪಾಠವನ್ನು ಕೇಳಿಕೊಳ್ಳಬಹುದು. ಕಾಪುವಿನಿಂದಲೋ ಕಾರ್ಕಳದಿಂದಲೋ ಬರಬೇಕಾದವರಿಗೆ ಆನ್‌ಲೈನ್ ಪಾಠ ಆಕರ್ಷಕವಾಗಿ ತೋರೀತು. ಆದರೆ ಧ್ವನಿ ಕ್ಷಣಮಾತ್ರ ತಡವಾಗಿ ತಲುಪುವುದರಿಂದ ಗುರುಶಿಷ್ಯರಿಬ್ಬರೂ ಒಂದೇ ತಾಳದಲ್ಲಿ ಕೂಡಿ ಹಾಡುವುದು ಅಲ್ಲಿ ಸಾಧ್ಯವಾಗದು. ಆದ್ದರಿಂದ ಅದನ್ನು ಎದುರುಪಾಠಗಳ ನಡುವಣ ತಿದ್ದುಪಡಿಗೆ ಮಾತ್ರ ಬಳಸಿರಿ.

ಶ್ರುತಿಯ ನಿರ್ಣಯದಲ್ಲಿ ಅಭಿಮಾನಕ್ಕೆ ಎಡೆ ಇರಬಾರದು. ಮೆಚ್ಚಿದ ಗಾಯಕರ ಶ್ರುತಿಯಲ್ಲೇ ಹಾಡುವೆನೆಂಬ ಹಟದಿಂದ ಗಂಟಲು ಕೆಡುತ್ತದೆ. ಮಂದ್ರ ಪಂಚಮದಿಂದ ತಾರ ಗಾಂಧಾರದವರೆಗೆ ಯಾವುದರಲ್ಲಿ ಸ್ವರ ಕಷ್ಟವಿಲ್ಲದೆ ಸಂಚರಿಸುವುದೋ ಅದೇ ನಿಮ್ಮ ಶ್ರುತಿ. ತಂಬೂರಿ ಇಲ್ಲದಿದ್ದರೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯೂ ಸಾಕು.

ಪ್ರಾಯಕ್ಕೆ ಬಂದವರ ನಿಜವಾದ ಶತ್ರು ಕಾಲಾಭಾವವಲ್ಲ, ಅವಸರ. ಮಕ್ಕಳಿಗೆ ಅರ್ಥವಾಗದೆಯೂ ಬಾಯಿಗೆ ಬರುವುದು ನಮಗೆ ಅರ್ಥವಾಗಿಯೂ ಬಾಯಿಗೆ ಬಾರದು. ಬುದ್ಧಿ ತಿಳಿದುಕೊಂಡಿತೆಂಬ ಮಾತ್ರಕ್ಕೆ ಕಂಠವೂ ಕಲಿತಿತೆಂದು ಭ್ರಮಿಸಿ, ಮಾಯಾಮಾಳವಗೌಳದ ಸರಳೆ, ಜಂಟಿ ವರಸೆಗಳನ್ನು ಒಂದೇ ಕಾಲದಲ್ಲಿ ಒಪ್ಪಿಸಿ ಕೀರ್ತನೆಗೆ ಹಾರುವವರು, ಮುಂದೆ ವರ್ಣದಲ್ಲಿ ತಡವರಿಸುವುದು ಅನಿವಾರ್ಯ. ಮೂರು ಕಾಲಗಳಲ್ಲಿಯೂ ಅಕಾರದಲ್ಲಿಯೂ ಹಾಡಿ, ಸಪ್ತತಾಳದ ಅಲಂಕಾರಗಳನ್ನು ಕೈತಾಳ ತಪ್ಪದಂತೆ ಮುಗಿಸಿ, ಗೀತೆಗೆ ಹೋಗುವುದೇ ಕ್ರಮ. ಆದರೂ, ಸಂಪ್ರದಾಯಸ್ಥರು ಆಕ್ಷೇಪಿಸಿದರೂ ಸರಿಯೆ, ಸುಲಭವಾದ ದೇವರನಾಮವೊಂದನ್ನು ಜೊತೆಗೇ ಕಲಿಸಿರೆಂದು ಗುರುವನ್ನು ಪ್ರಾರ್ಥಿಸಬೇಕೆಂಬುದು ನನ್ನ ಮತ. ದಣಿದು ಬಂದವನಿಗೆ ಬರಿಯ ಸ್ವರಾವಳಿ ಬಹುಕಾಲ ಉತ್ಸಾಹ ಕೊಡಲಾರದು. ಅಲ್ಲದೆ ಊರಿನ ಭಜನಾ ಮಂದಿರದಲ್ಲಿ ಅಂಥ ಒಂದು ಹಾಡಿನಿಂದಲೇ ನಾಲ್ವರೊಡನೆ ದನಿಗೂಡಿಸುವ ಅವಕಾಶ ದೊರೆಯುತ್ತದೆ.

ವಾದ್ಯ ಹಿಡಿಯುವವರು ಕರಾವಳಿಯ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಉಪ್ಪುಗಾಳಿಯಿಂದ ಪಿಟೀಲಿನ ಉಕ್ಕಿನ ತಂತಿಗಳು ತುಕ್ಕು ಹಿಡಿಯುವುದರಿಂದ ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಬೇಕು. ಮಳೆಗಾಲದಲ್ಲಿ ಮೃದಂಗದ ಚರ್ಮ ತೇವ ಹೀರಿ ಶ್ರುತಿಯಿಂದ ಇಳಿಯುತ್ತದೆ. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂರುವುದರಿಂದ ಬೇಸಗೆಯಲ್ಲಿ ಅದನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಕೂಡದು. ಮೊದಲ ವರ್ಷ ಬೆಲೆಬಾಳುವ ವಾದ್ಯಕ್ಕೆ ಸಾಲ ಮಾಡುವುದೂ ಬೇಡ.

ಕೇಳ್ಮೆಯೂ ಅಭ್ಯಾಸದ ಅಂಗವೇ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ನಡೆಯುವ ವಾದಿರಾಜ ಕನಕದಾಸ ಸಂಗೀತೋತ್ಸವದಂತಹ ಕಚೇರಿಗಳಿಗೆ ಹೋಗಿ ಒಂದು ರಾಗವನ್ನಾದರೂ ಗುರುತಿಸಲು ಪ್ರಯತ್ನಿಸಿ.

ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು ಅಭ್ಯಾಸಕ್ಕೆ ಗಡುವು ಹಾಕುವುದರಿಂದ ಕೆಲವರಿಗೆ ಉಪಕಾರಿ. ಕಚೇರಿಯಲ್ಲಿಯೇ ಗಡುವುಗಳಿಂದ ಬೇಸತ್ತವರು ಅವನ್ನು ಧಾರಾಳವಾಗಿ ಬಿಟ್ಟುಬಿಡಬಹುದು. ಆಕಾಶವಾಣಿಯ ಧ್ವನಿಪರೀಕ್ಷೆಯ ಯೋಚನೆ ಗುರುಗಳ ಬಾಯಿಂದಲೇ ಬರಲಿ. ಸಂಭಾವನೆ ಪಡೆದು ಹಾಡುವ ಸಂದರ್ಭ ಒದಗಿದರೆ, ಸರ್ಕಾರಿ ಹಾಗೂ ಬ್ಯಾಂಕ್ ನೌಕರರು ತಮಗೆ ಅನ್ವಯಿಸುವ ನಡತೆ ನಿಯಮಗಳನ್ನು ನೋಡಿಕೊಂಡು, ಅನುಮತಿ ಬೇಕಾದಲ್ಲಿ ಅದನ್ನು ಆಹ್ವಾನಪತ್ರಿಕೆ ಅಚ್ಚಾಗುವ ಮೊದಲೇ ಬರಹದಲ್ಲಿ ಪಡೆದಿರಬೇಕು.